ಅಪ್ಪನ ಜೊತೆ ಓಡಿದವಳು

ಎದೆನೋವು ಬಂದು ಆಸ್ಪತ್ರೆ ಸೇರಿ ವಾಪಸಾದ ಬಸ್ ಡ್ರೈವರ್‌ಗೆ ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು: ದಿನಾ ನಡೆಯಲೇಬೇಕು. ಮೂವತ್ತು ವರ್ಷ ಕೂತೇ ದುಡಿದವನಿಗೆ ಅದೇ ದೊಡ್ಡ ಶಿಕ್ಷೆ. ಹೆಂಡತಿ ಗದರಿದಳು, ಗೋಗರೆದಳು, ಆಸಾಮಿ ಜಗ್ಗಲಿಲ್ಲ. ಕೊನೆಗೆ ಅವನನ್ನು ಎಬ್ಬಿಸಿದ್ದು ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಗಳು.

ಬೆಳಿಗ್ಗೆ ಆರಕ್ಕೆ ಸರಿಯಾಗಿ ಫೋನಿನಲ್ಲಿ ಅವಳ ವಿಡಿಯೋ ಬರುತ್ತಿತ್ತು. "ಏಳಿ ಏಳಿ, ನಾನಾಗ್ಲೇ ಮೈದಾನದಲ್ಲಿದೀನಿ!" ಸಂಜೆ ಇನ್ನೊಂದು: ಮೇಜಿನ ತುಂಬ ಪುಸ್ತಕ, ತಲೆ ಬಗ್ಗಿಸಿ ಓದುವ ಮಗಳು. ನೋಡುವವರು ಸಾವಿರಾರು ಜನ. ಅಪ್ಪ ಮಾತ್ರ ಅದು ತನಗೇ ಹೇಳಿದ್ದೆಂದುಕೊಂಡು ಶೂ ಕಟ್ಟಿದ.

"ಹೊಟ್ಟೇನ ಯಾವ ಸ್ಟಾಪಲ್ಲಿ ಇಳಿಸಿ ಬಂದೆ ಅಣ್ಣಾ?" ಎಂದು ಕಂಡಕ್ಟರ್ ಛೇಡಿಸಿದರೆ ಅವನಿಗೆ ಒಳಗೊಳಗೇ ಖುಷಿ.

ಮೂರು ತಿಂಗಳಾದ ಮೇಲೆ, ರಜೆ ಸಿಕ್ಕಿದ ಒಂದು ದಿನ, ಯಾರಿಗೂ ಹೇಳದೆ ಮಗಳ ಊರಿಗೆ ಹೋದ. ಅವಳ ಪಕ್ಕದಲ್ಲಿ ಒಂದು ಸುತ್ತು ನಡೆಯುವ ಆಸೆ. ಆರಕ್ಕೆ ಮುಂಚೆಯೇ ತಲುಪಿದರೆ ಮೈದಾನದ ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ಓಟದ ಹಾದಿಯನ್ನು ಅಗೆದು ಜಲ್ಲಿ ಸುರಿದಿದ್ದರು.

"ರಿಪೇರಿ ಯಜಮಾನ್ರೇ. ಎರಡು ತಿಂಗಳಾಯ್ತು ಮುಚ್ಚಿ," ಎಂದ ಕಾವಲುಗಾರ.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಅದೇ ಮೈದಾನ, ಅದೇ ನಗು. "ಏಳಿ ಏಳಿ!" ಡ್ರೈವರ್ ಫೋನನ್ನು ನೋಡಿದ, ಜಲ್ಲಿಯ ರಾಶಿಯನ್ನು ನೋಡಿದ. ಮೊದಲಿಗೆ ಫೋನೇ ಕೆಟ್ಟಿದೆಯೆಂದುಕೊಂಡ.

ಮಗಳ ನಿದ್ದೆ ಕೆಡಿಸಬಾರದೆಂದು ಹಾಸ್ಟೆಲ್ ಮುಂದಿನ ಕಲ್ಲುಬೆಂಚಿನ ಮೇಲೆ ಒಂಬತ್ತರವರೆಗೆ ಕೂತ. ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು ಇಳಿದು ಬಂದವಳು, ಅವನ ಶೂಗೆ ಮೆತ್ತಿದ್ದ ಜಲ್ಲಿಪುಡಿ ಕಂಡು ಬಿಳುಚಿಕೊಂಡಳು.

"ಮೈದಾನ ಮುಚ್ತಾರೆ ಅಂತ ಗೊತ್ತಾಯ್ತಪ್ಪಾ. ಬಟ್ಟೆ ಬದಲಾಯಿಸಿ ಬದಲಾಯಿಸಿ ಅಷ್ಟೂ ವಿಡಿಯೋ ಮೊದ್ಲೇ ತೆಗೆದಿಟ್ಕೊಂಡೆ. ಮೊದಮೊದಲು ನಿಜವಾಗ್ಲೂ ಓಡ್ತಿದ್ದೆ. ಆಮೇಲೆ ಎಷ್ಟು ಜನ ನೋಡಿದ್ರು, ಏನಂದ್ರು ಅಂತ ನೋಡೋದ್ರಲ್ಲೇ ದಿನ ಹೋಗ್ತಿತ್ತು."

"ಮತ್ತೆ ಓದು?"

ಅವಳು ನೆಲ ನೋಡಿದಳು. "ಹಾಜರಿ ಸಾಲ್ದು ಅಂತ ಪರೀಕ್ಷೆಗೆ ಕೂರಿಸ್ಲಿಲ್ಲ. ಈ ವರ್ಷ ಹೋಯ್ತು."

ಬೈಗುಳಕ್ಕೆ ಮೈಯೊಡ್ಡಿ ನಿಂತಳು. ಅವನು ಬೈಯಲಿಲ್ಲ.

"ನಾನು ದಿನಾ ನಿನ್ನ ಜೊತೆ ಮಾತಾಡ್ಕೊಂಡೇ ನಡೀತಿದ್ದೆ ಮಗಳೇ," ಎಂದ. "ಏದುಸಿರು ಬಂದ್ರೆ, ಸ್ವಲ್ಪ ನಿಲ್ಲೇ, ನಿಮ್ಮಪ್ಪನ ಕೈಲಿ ಆಗ್ತಿಲ್ಲ ಅಂತಿದ್ದೆ. ಪಕ್ಕದಲ್ಲಿ ಹೋಗೋರು ಹುಚ್ಚ ಅಂದ್ಕೊಂಡಿರ್ಬೇಕು."

ಅವಳು ಬಿಕ್ಕಿಬಿಕ್ಕಿ ಅತ್ತಳು. ಅವನು ತಲೆ ಸವರಿದ.

ಆ ವಾರವೇ ಮಗಳು ಎಲ್ಲ ವಿಡಿಯೋ ಅಳಿಸಿಹಾಕಿದಳು. ಕಿರಿಯರ ಜೊತೆ ಅದೇ ತರಗತಿಯಲ್ಲಿ ಮತ್ತೆ ಕೂತಳು. ಈ ಸಲ ಮನಸ್ಸಿಟ್ಟು ಓದಿದಳು. ಅವನು ಮಾತ್ರ ಬೆಳಿಗ್ಗೆ ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗುತ್ತಿದ್ದ. ಕಾಲು ನೋಯುತ್ತಿರಲಿಲ್ಲ, ಮಾತಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಸಂಜೆ ಅವಳು ತಪ್ಪದೆ ಫೋನ್ ಮಾಡುತ್ತಿದ್ದಳು. ಒಂದು ದಿನ, "ಇವತ್ತು ಎರಡು ಪಾಠ ಮುಗಿಸ್ದೆ ಅಪ್ಪಾ," ಎಂದಳು.

"ನಿಜ ತಾನೇ?"

ಬಾಯಿ ಜಾರಿತ್ತು. ನಾಲಿಗೆ ಕಚ್ಚಿಕೊಂಡ. ಆ ಕಡೆ ಪುಸ್ತಕ ಮುಚ್ಚಿದ ಸದ್ದಾಯಿತು.

"ಹೂಂ ಅಪ್ಪಾ," ಎಂದಳು ಮಗಳು, ಮೆಲ್ಲಗೆ.