ಕಪ್ಪೆ ಕೊಯ್ಯದ ಕೈ

ಇಳಕಲ್ಲಿನಲ್ಲಿ ಆಗ ಕಾಲೇಜಿಗೆ ಹೋಗುವ ಹುಡುಗರ ಹಣೆಬರಹವನ್ನು ಊರೇ ಕೂತು ಬರೆಯುತ್ತಿತ್ತು. ಬುದ್ಧಿವಂತನಿದ್ದರೆ ಸೈನ್ಸು, ಮನೆಯಲ್ಲಿ ಅಂಗಡಿಯಿದ್ದರೆ ಕಾಮರ್ಸು, ಎರಡೂ ಇಲ್ಲದಿದ್ದರೆ ಆರ್ಟ್ಸು. ಹುಡುಗಿಯರಿಗಾದರೆ ಮದುವೆ ಗೊತ್ತಾಗುವ ತನಕ ಮೂರರಲ್ಲಿ ಯಾವುದಾದರೂ ನಡೆದೀತು ಎಂದು ಹಿರಿಯರು ತೀರ್ಮಾನಿಸಿದ್ದರು. ಬಸಲಿಂಗವ್ವ ಮಾತ್ರ ಎಸ್ಸೆಸ್ಸೆಲ್ಸಿ ಮುಗಿದ ದಿನದಿಂದ ಸೈನ್ಸೇ ಬೇಕು, ಡಾಕ್ಟರೇ ಆಗಬೇಕು ಎಂದು ಪಟ್ಟು ಹಿಡಿದು ಕೂತಳು.

ಅವಳ ಅಪ್ಪ ಕಾಶಪ್ಪನವರದು ಸೀರೆ ನೇಯುವವರಿಗೆ ರೇಷ್ಮೆ ನೂಲು ಮಾರುವ ಅಂಗಡಿ. ಮಗಳು ಕಾಮರ್ಸ್ ಓದಲಿ ಎಂದು ಅವರ ಮನಸ್ಸು. ಸೈನ್ಸಿನಲ್ಲಿ ಜೀವ ಕೊಯ್ಯಿಸುತ್ತಾರೆಂದು ಬೇರೆ ಯಾರೋ ಕಿವಿ ಊದಿದ್ದರು. ಇರುವೆ ಕಂಡರೂ ಕಾಲು ಎತ್ತಿ ಇಡುವ ಮನುಷ್ಯ ಅವರು. ರೇಷ್ಮೆ ಹುಳದ ಗತಿ ಏನೆಂದು ಅವರನ್ನು ಯಾರೂ ಕೇಳಿರಲಿಲ್ಲ, ಕೇಳುವ ಧೈರ್ಯವೂ ಯಾರಿಗಿರಲಿಲ್ಲ. ಮಗಳು ಊಟ ಬಿಟ್ಟಾಗ ಕೊನೆಗೂ ಕರಗಿದರು, ಆದರೆ ಒಂದು ಕರಾರಿನ ಮೇಲೆ.

“ಕೊಳ್ಳಾಗಿನ ಲಿಂಗ ಮುಟ್ಟಿ ಹೇಳು,” ಅಂದರು. “ಯಾವ ಜೀವಕ್ಕೂ ಕತ್ತಿ ಹಚ್ಚೂದಿಲ್ಲ ಅಂತ.”

ಕೊರಳಲ್ಲಿ ಲಿಂಗವಿಟ್ಟು ಕಟ್ಟಿಕೊಂಡಿದ್ದ ಬೆಳ್ಳಿಯ ಕರಡಿಗೆಯನ್ನು ಹಿಡಿದು ಅವಳು ಆಣೆ ಮಾಡಿದಳು. ಆಗ ಅವಳು ಸುಳ್ಳು ಹೇಳಿರಲಿಲ್ಲ. ಕೊಯ್ಯುವುದೆಲ್ಲ ಡಾಕ್ಟರ್ ಓದುವಾಗ ಬರುತ್ತದೆ, ಅಷ್ಟರಲ್ಲಿ ಅಪ್ಪನ ಮನಸ್ಸು ತಿರುಗುತ್ತದೆ ಎಂಬುದು ಅವಳ ಲೆಕ್ಕ. ಹದಿನಾರರ ಲೆಕ್ಕಗಳೆಲ್ಲ ಹೀಗೇ.

ಮೊದಲ ವರ್ಷ ಎಲೆ, ಬೇರು, ಹೂವುಗಳಲ್ಲಿ ಕಳೆಯಿತು. ಎರಡನೆಯ ವರ್ಷ ಕಪ್ಪೆ ಬಂತು. ಒಂದು ಕಪ್ಪೆಗೆ ಇಬ್ಬರು ಎಂಬ ನಿಯಮವೇ ಅವಳನ್ನು ಕಾಪಾಡಿತು. ಜೊತೆಗಿದ್ದ ಗೆಳತಿ ರೋಷನಬಿ ಕೊಯ್ಯುತ್ತಿದ್ದಳು, ಇವಳು ಕೈ ಹಿಂದೆ ಕಟ್ಟಿಕೊಂಡು ನೋಡಿ ಚಿತ್ರ ಬರೆಯುತ್ತಿದ್ದಳು. ಆಣೆಯೂ ಉಳಿಯಿತು, ಓದೂ ಸಾಗಿತು. ಆದರೆ ರೋಷನಬಿ ಕತ್ತರಿಯನ್ನು ಅಡ್ಡಾದಿಡ್ಡಿ ಓಡಿಸಿ ರಕ್ತನಾಳ ಹರಿದಾಗಲೆಲ್ಲ ಹಿಂದೆ ಕಟ್ಟಿದ ಕೈ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ತನಗೆ ಕೊಯ್ಯುವ ಆಸೆ ಇದೆ ಎಂದು ತಿಳಿದ ದಿನ ಬಸಲಿಂಗವ್ವ ತನಗೆ ತಾನೇ ಹೆದರಿದಳು.

ವರ್ಷದ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಪ್ಪೆ. ಕೊಯ್ಯದಿದ್ದರೆ ಅಂಕ ಇಲ್ಲ, ಅಂಕ ಇಲ್ಲದಿದ್ದರೆ ಡಾಕ್ಟರಿಕೆಯ ಮಾತೇ ಇಲ್ಲ. ಆರ್ಟ್ಸಿಗೋ ಕಾಮರ್ಸಿಗೋ ಹಾಕಿಬಿಡಿ ಎಂದು ಲೆಕ್ಚರರ ಬಳಿ ಹೋಗಿ ಕೇಳಿದಳು. ನಡುದಾರಿಯಲ್ಲಿ ಇಳಿದು ಬೇರೆ ಬಸ್ಸು ಹತ್ತಲು ಇದೇನು ಹುನಗುಂದದ ಸ್ಟ್ಯಾಂಡೇ ಎಂದು ಅವರು ನಕ್ಕರು. ಆ ಒಂದು ದಿನ ಲಿಂಗ ಬಿಚ್ಚಿಟ್ಟು ಬಾ ಎಂದಳು ರೋಷನಬಿ. ಪ್ರೀತಿಯಿಂದಲೇ ಹೇಳಿದ್ದಳು. ಆ ಮನೆಯಲ್ಲಿ ಕೊರಳಿನಿಂದ ಲಿಂಗ ಇಳಿಯುವುದೆಂದರೆ ಜೀವ ಹೋದಂತೆಯೇ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಬಸಲಿಂಗವ್ವ ಲಿಂಗ ಕಟ್ಟಿಕೊಂಡೇ ಹೋದಳು. ಪ್ರಜ್ಞೆ ತಪ್ಪಿಸಿದ್ದ ಕಪ್ಪೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ನೆಟ್ಟಗೆ ಕೊಯ್ದಳು. ಒಳಗೆ ಪುಟ್ಟ ಹೃದಯ ಇನ್ನೂ ಬಡಿಯುತ್ತಿತ್ತು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಇನ್ನೊಬ್ಬರನ್ನೂ ಕರೆದು ತೋರಿಸಿದರು. ಅವಳು ಹೊರಗೆ ಬಂದವಳೇ ನಲ್ಲಿಯ ಬಳಿ ಕೂತು ಕೈಯ ಜೊತೆ ಕರಡಿಗೆಯನ್ನೂ ತೊಳೆದಳು.

ಮನೆಯಲ್ಲಿ ಪರೀಕ್ಷೆ ಚಲೋ ಆಯಿತು ಎಂದಷ್ಟೇ ಹೇಳಿದಳು. ರಿಸಲ್ಟು ಬಂದಾಗ ತಾಲೂಕಿನವರೆಲ್ಲ ಹುಬ್ಬೇರಿಸುವಂಥ ಅಂಕ. ಕಾಶಪ್ಪನವರು ಅಂಗಡಿಗೆ ಬಂದವರಿಗೆಲ್ಲ ಪೇಡೆ ಕೊಟ್ಟರು. ಒಂದು ಕಪ್ಪೆಯನ್ನೂ ಮುಟ್ಟದೆ ಮಗಳು ಸೈನ್ಸು ಗೆದ್ದಳು, ಲಿಂಗಯ್ಯ ಕೈಬಿಡಲಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದರು. ಅಂಗಡಿಯ ಹಿಂದೆಯೇ ಅಡುಗೆಮನೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ಪಾತ್ರೆಗಳ ಸದ್ದು ಜೋರು ಮಾಡುತ್ತಿದ್ದಳು.

ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವ ಮಾತು ಎತ್ತಿದಾಗ ಕಾಶಪ್ಪನವರು ಅಡ್ಡಡ್ಡ ತಲೆಯಾಡಿಸಿದರು. “ಅಲ್ಲಿ ಹೆಣಾ ಕೊಯ್ಯಬೇಕಂತ. ಕಪ್ಪಿನೂ ಕೊಯ್ಯದ ಕೈ ನಿಂದು, ಅದಕ್ಕ ಆ ಕೆಲಸ ಹಚ್ಚಲೇನವ್ವಾ? ಬಿ.ಕಾಂ.ಗೆ ಹೇಳಿ ಬಂದೇನಿ.”

ಈಗ ಬಾಯಿ ಬಿಡದಿದ್ದರೆ ಮುಂದೆ ಎಂದೂ ಇಲ್ಲ.

“ಯಪ್ಪಾ, ನಾ ಕೊಯ್ದೇನಿ,” ಅಂದಳು. “ಪರೀಕ್ಷಾದಾಗ ನನ್ನ ಕೈಯಾರೆ ಕೊಯ್ದೇನಿ.”

ಅವರು ನಕ್ಕರು. ಡಾಕ್ಟರಾಗುವ ಹುಚ್ಚಿಗೆ ಹುಡುಗಿ ಏನೆಲ್ಲ ಕತೆ ಕಟ್ಟುತ್ತಾಳೆ ಎಂದರು. ಅವಳು ಅತ್ತಳು, ರೋಷನಬಿಯನ್ನು ಕೇಳಿ ಎಂದಳು. ಅವರು ಯಾರನ್ನೂ ಕೇಳಲು ಏಳಲಿಲ್ಲ. ಕೊನೆಗೆ ಅವಳು ಕೊರಳಿಗೆ ಕೈ ಹಾಕಿ ಕರಡಿಗೆ ಹಿಡಿದಳು. “ಲಿಂಗ ಮುಟ್ಟಿ ಹೇಳ್ತೇನಿ.”

ಕಾಶಪ್ಪನವರು ಆ ಕೈಯನ್ನು ಮೆಲ್ಲಗೆ ಬಿಡಿಸಿದರು.

“ನೀ ಕೊಯ್ದಿದ್ದು ಖರೆ ಇದ್ರ, ಅವತ್ತು ಲಿಂಗ ಮುಟ್ಟಿ ಮಾಡಿದ ಆಣಿ ಸುಳ್ಳಾತು. ಅದು ಸುಳ್ಳಾದ್ರ, ಇವತ್ತಿಂದು ನಾ ಹೆಂಗ ನಂಬ್ಲಿ?”

 ಆಗ ಅವಳು ನೋಡಿದಳು: ತನ್ನ ಕೈ ಬಿಡಿಸಿದ ಅಪ್ಪನ ಬೆರಳುಗಳು ನಡುಗುತ್ತಿದ್ದವು. ಅವರು ನಂಬಿದ್ದರು. ನಂಬಿಯೇ ಹಾಗೆ ಹೇಳಿದ್ದರು. ಒಳಗೆ ಹೋಗಿ ಊಟಕ್ಕೆ ಬಡಿಸು ಎಂದರು, ಅವಳು ಹೋಗಿ ಬಡಿಸಿದಳು.

ಮರುದಿನ ಅಂಗಡಿಗೆ ಶಿರೂರಿನವರು ಯಾರೋ ನೂಲು ಕೊಳ್ಳಲು ಬಂದರು. ಒಂದು ಕಪ್ಪೆಯನ್ನೂ ಮುಟ್ಟದೆ ಮಗಳು ಸೈನ್ಸು ಗೆದ್ದಳೆಂದು ಕಾಶಪ್ಪನವರು ಅವರಿಗೆ ಹೇಳುವುದು ಅಡುಗೆಮನೆಗೆ ಕೇಳಿಸಿತು. ಎಂದಿಗಿಂತ ಗಟ್ಟಿಯಾಗಿ ಹೇಳುತ್ತಿದ್ದರು.