ಕೈ ಇಟ್ಟ ಕಾರು

"ಮೊದಲು ಒಂದು ಕಾಲು ಹೊರಗೆ ಹಾಕ್ರೀ. ಒಂದು! ಎರಡೂ ಒಟ್ಟಿಗಲ್ಲ!" ಎಂದಳು ಹೆಂಡತಿ.

ಗಂಡ ಒಂದು ಕಾಲನ್ನು ಹೊರಗೆ ಚಾಚಿ, ಬಾಗಿಲಿನ ಅಂಚು ಹಿಡಿದು ಏಳಲು ನೋಡಿದ. ಅರ್ಧ ಎದ್ದವನು "ಅಯ್ಯಪ್ಪಾ" ಎಂದು ಮತ್ತೆ ಸೀಟಿಗೆ ಕುಸಿದ. ಹಳೆಯ ಕಾರುಗಳ ಅಂಗಡಿಯ ತಗಡಿನ ಚಾವಣಿಯ ಕೆಳಗೆ ಆ ಹಳದಿ ಸ್ಪೋರ್ಟ್ಸ್ ಕಾರು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂತಿತ್ತು. ಇದ್ದದ್ದು ಎರಡೇ ಸೀಟು. ಮೂವತ್ತು ವರ್ಷ ಕಟಾವು ಮಿಷನ್ನಿನ ಎತ್ತರದ ಸೀಟಿಗೆ ಏಣಿ ಹತ್ತಿ ಕುಳಿತವನ ಬೆನ್ನಿಗೆ, ಇಷ್ಟು ಕೆಳಗೆ ಇಳಿದು ಮತ್ತೆ ಮೇಲೇಳುವ ವಿದ್ಯೆ ಗೊತ್ತಿರಲಿಲ್ಲ.

"ಬಿಡೇ, ಇಲ್ಲೇ ಕೂತಿರ್ತೀನಿ. ಮಾತುಕತೆ ಮುಗೀಲಿ, ಏಳೋದು ಆಮೇಲೆ ನೋಡೋಣ."

"ಸರಿಹೋಯ್ತು. ಕೊಳ್ಳೋ ಮುಂಚೇನೇ ಬೇರು ಬಿಟ್ಟಾಯ್ತು."

ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡು ನಕ್ಕ. "ಮೊದಮೊದಲು ಹಂಗೇ ಅಮ್ಮಾ. ಆಮೇಲೆ ರೂಢಿ ಆಗುತ್ತೆ."

"ಯಾವುದು ರೂಢಿ ಆಗೋದು? ನಾನು ದಿನಾ ಇವರನ್ನ ಎಳೆದು ಹೊರಗೆ ಹಾಕೋದಾ?"

ಅವಳ ಕಂಕುಳಲ್ಲಿ ಬಟ್ಟೆಯ ಚೀಲವಿತ್ತು. ಅದರಲ್ಲಿದ್ದದ್ದು ಮಿಷನ್ನಿನ ಇಂಜಿನ್ನಿಗೆಂದು ಎರಡು ಸುಗ್ಗಿಯಿಂದ ಅವಳು ಕೂಡಿಟ್ಟ ಹಣ. ಕಳೆದ ಸಲವೇ ಮಿಷನ್ನು ನೀಲಿ ಹೊಗೆ ಉಗುಳುತ್ತ, ಡೀಸೆಲ್ಲಿನ ಜೊತೆ ಆಯಿಲ್ಲನ್ನೂ ಕುಡಿಯಲು ಶುರುಮಾಡಿತ್ತು. ಇಂಜಿನ್ ಇಳಿಸಿ, ಸವೆದ ಸಿಲಿಂಡರನ್ನು ಬೋರ್ ಮಾಡಿಸಿ, ಪಿಸ್ಟನ್ ಹೊಸದು ಹಾಕದಿದ್ದರೆ ಈ ಸಲ ನಡುಹೊಲದಲ್ಲೇ ಮಲಗುತ್ತದೆ ಎಂದು ಮೆಕ್ಯಾನಿಕ್ಕು ಹೇಳಿಯಾಗಿತ್ತು. ಹೊಲಗಳಲ್ಲಿ ತೆನೆ ಬಾಗಿ ಬಣ್ಣ ತಿರುಗುತ್ತಿತ್ತು. ಮಿಷನ್ನು ನಿಂತರೆ ಆ ವರ್ಷದ ಅನ್ನವೂ ನಿಂತಂತೆ. ಹೀಗಿರುವಾಗ ಈ ಮನುಷ್ಯ ಮಿಷನ್ನಿನ ಬೆಲ್ಟು ತರಲು ಪೇಟೆಗೆ ಬಂದವನು, ಈ ಹಳದಿ ಕಾರಿನ ಬಾನೆಟ್ಟಿನ ಮೇಲೆ ಕೈ ಇಟ್ಟು ಬಂದಿದ್ದ.

ಕೈ ಇಡುವುದೆಂದರೆ ಸುಮ್ಮನೆ ಮುಟ್ಟುವುದಲ್ಲ. ಕಟಾವಿನವರಲ್ಲಿ ಬರಹ, ಸಹಿ, ಮುಂಗಡ ಯಾವುದೂ ಇಲ್ಲ. ಹೊಲದವನು ಹೊಲ ತೋರಿಸುತ್ತಾನೆ. ಮಿಷನ್ನಿನವನು ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಊರಿ ದರ ಹೇಳುತ್ತಾನೆ. ಹೊಲದವನು "ಆಯ್ತು" ಎಂದರೆ ಮುಗಿಯಿತು. ಆಮೇಲೆ ಆಕಾಶವೇ ಬೀಳಲಿ, ಪಕ್ಕದ ಹೊಲದವನು ಎರಡರಷ್ಟು ಕೊಡುತ್ತೇನೆನ್ನಲಿ, ಆಡಿದ ಮಾತು ಆಡಿದ್ದೇ. ಒಮ್ಮೆ ಗಾಳಿಗೆ ಚಾಪೆಯಂತೆ ಮಲಗಿದ್ದ ಪೈರನ್ನು, ಡೀಸೆಲ್ಲಿನ ಕಾಸೂ ಹುಟ್ಟದು ಎಂದು ಗೊತ್ತಿದ್ದೂ ಇವನು ಹೇಳಿದ ದರಕ್ಕೇ ಕೊಯ್ದುಕೊಟ್ಟಿದ್ದ. ಆಗ ಅವಳು ಮಾತು ಬಿಟ್ಟು, ತಟ್ಟೆಯನ್ನು ಮಾತ್ರ ಅವನ ಮುಂದೆ ತಳ್ಳುತ್ತಿದ್ದಳು.

ಅಂದು ಬೆಲ್ಟು ತಂದವನು ಊಟ ಮುಗಿಸಿ, ಗೋಡೆಯ ಕಡೆ ಮುಖ ಮಾಡಿಕೊಂಡು, "ಕೈ ಇಟ್ಟು ಬಂದೆ" ಎಂದಿದ್ದ. "ಎಷ್ಟು ಎಕರೆ?" ಎಂದು ಅವಳು ಕೇಳಿದ್ದಳು. ಎಕರೆಯಲ್ಲ, ಕಾರು ಎಂದು ಬಾಯಿ ಬಿಡಿಸುವಷ್ಟರಲ್ಲಿ ತೊಳೆಯಲು ಹಾಕಿದ್ದ ಪಾತ್ರೆಗಳೆಲ್ಲ ಒಣಗಿದ್ದವು. ಯಾಕೆ ಎಂದು ಅವಳು ಕೇಳಿದಳು. ಗೋಡೆಗೇ ಹೇಳುವವನಂತೆ, "ಕೂತ್ರೆ ನೆಲ ಕೈಗೆ ಸಿಗುತ್ತೆ ಕಣೇ" ಎಂದಿದ್ದ. ಅದೂ ಒಂದು ಕಾರಣವೇ!

ಇಟ್ಟ ಕೈಯನ್ನು ಅವನು ತೆಗೆಯುವವನಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಹಿಡಿದದ್ದು ಬೇರೆ ದಾರಿ. ತಗೊಳ್ಳೋದೇ ಆದರೆ ಸಾಲದಲ್ಲಿ ತಗೊಳ್ಳಿ, ಕೈಯಲ್ಲಿರುವ ದುಡ್ಡು ಇಂಜಿನ್ನಿಗೆ ಇರಲಿ ಎಂದಳು. ಅವನು ಜನ್ಮದಲ್ಲಿ ಸಾಲ ಮಾಡಿದವನಲ್ಲ. ಮಿಷನ್ನನ್ನೂ ಹಳೆಯದನ್ನೇ ನೋಡಿ ನಗದು ಎಣಿಸಿ ತಂದವನು. "ಸಾಲದ ಗಾಡೀಲಿ ಕೂತ್ರೆ ಬೆನ್ನು ಸೀಟಿಗೆ ತಾಗಲ್ಲ" ಎಂದು ಗೊಣಗಿ, ಒಂದು ವಾರ ಕೊಸರಾಡಿ, ಕೊನೆಗೆ ಸುಮ್ಮನಾಗಿದ್ದ. ಸುಮ್ಮನಾದರೆ ಒಪ್ಪಿದ ಹಾಗೆ.

ಗಾಜಿನ ಕೋಣೆಯಿಂದ ಫೈನಾನ್ಸಿನ ಹುಡುಗಿ ಲ್ಯಾಪ್‌ಟಾಪನ್ನು ತೋಳಿನ ಮೇಲೆ ಇಟ್ಟುಕೊಂಡು ಬಂದಳು. ಗಿರಾಕಿ ಏಳಲಾರನೆಂದು ತಿಳಿದು ಕಾರಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತಳು.

"ಸರ್, ತಿಂಗಳಿಗೆ ಎಷ್ಟು ಬರುತ್ತೆ?"

"ಯಾವ ತಿಂಗಳಿಗೆ?" ಎಂದ ಅವನು.

"ಯಾವುದಾದ್ರೂ ಸರ್. ಈ ತಿಂಗಳಿಗೆ?"

"ಈ ತಿಂಗಳು ಏನೂ ಇಲ್ಲಮ್ಮ. ಪೈರು ಇನ್ನೂ ಹಸಿ ಇದೆ."

"ಹೋದ ತಿಂಗಳು?"

"ಹೋದ ತಿಂಗಳು ಇನ್ನೂ ಹಸಿ ಇತ್ತು."

ಹೆಂಡತಿ ಹಣೆ ಚಚ್ಚಿಕೊಂಡಳು. "ನಮಗೆ ವರ್ಷಕ್ಕೆ ಎರಡೇ ಸಲ ಬರೋದು ಕಣಮ್ಮ, ಸುಗ್ಗೀಲಿ. ಕಂತನ್ನೂ ಹಂಗೇ ಹಾಕ್ಕೊಡು. ಸುಗ್ಗಿಗೊಂದು."

"ಹಂಗೆ ಬರಲ್ಲ ಮೇಡಂ. ಪ್ರತಿ ತಿಂಗಳೂ ಕಟ್ಟಬೇಕು. ಮುಂಚೆ ಯಾವುದಾದ್ರೂ ಲೋನ್ ತಗೊಂಡಿದ್ರಾ ಸರ್?"

"ಇಲ್ಲ," ಎಂದ ಅವನು, ಒಳಗಿನಿಂದಲೇ ಎದೆ ಸ್ವಲ್ಪ ಮುಂದೆ ಮಾಡಿ. "ಒಂದು ಕಾಸೂ ಇಲ್ಲ."

ಹುಡುಗಿಯ ಮುಖ ಸಣ್ಣದಾಯಿತು. "ಅದೇ ಕಷ್ಟ ಸರ್. ಸಾಲ ಮಾಡಿ ತೀರಿಸಿದ್ರೆ ಕಂಪನಿಗೆ ನಂಬಿಕೆ ಇರುತ್ತೆ. ಮಾಡೇ ಇಲ್ಲ ಅಂದ್ರೆ ತೀರಿಸ್ತೀರೋ ಇಲ್ವೋ ಹೆಂಗೆ ಗೊತ್ತಾಗುತ್ತೆ?"

"ಓಹೋ! ಕದ್ದಿಲ್ಲ ಅನ್ನೋರನ್ನ ನಂಬಬಾರದು, ಕದ್ದು ವಾಪಸ್ ಕೊಟ್ಟೋರನ್ನ ನಂಬಬೇಕು!" ಎಂದಳು ಹೆಂಡತಿ.

"ಸಾಲ ಮಾಡೋದು ಕದ್ದಂಗಲ್ಲ ಮೇಡಂ..."

"ನಮ್ಮ ಮನೇಲಿ ಹಂಗೇನೇ," ಎಂದ ಗಂಡ. ಅವಳು ಬಗ್ಗಿ ಅವನನ್ನು ಒಮ್ಮೆ ನೋಡಿದಳು. ಅವನು ಸ್ಟೇರಿಂಗಿನ ಮೇಲಿನ ಇಲ್ಲದ ಧೂಳನ್ನು ಒರೆಸತೊಡಗಿದ.

ಹುಡುಗಿ ಇನ್ನೇನನ್ನೋ ಒತ್ತಿ, ತಲೆಯಾಡಿಸಿ, ಸಂಬಳದವರು ಯಾರಾದರೂ ಜಾಮೀನು ನಿಂತು, ಅರ್ಧ ಹಣ ಮೊದಲೇ ಕಟ್ಟಿದರೆ ನೋಡಬಹುದು ಎಂದು ಎದ್ದು ಹೋದಳು. ಅರ್ಧ ಕಟ್ಟಿದರೂ ಇಂಜಿನ್ನಿಗೆ ತಣ್ಣೀರು ಬಟ್ಟೆಯೇ ಗತಿ. ಹೆಂಡತಿ ಚೀಲವನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡಳು. ಒಂದು ವಾರ ಜಗಳವಾಡಿ ಇವನನ್ನು ಸಾಲಕ್ಕೆ ಒಪ್ಪಿಸಿದ್ದಕ್ಕೆ ಸಿಕ್ಕ ಫಲ ಇದು.

"ಹೋಗ್ಲಿ ಬಿಡಿ ಅಮ್ಮಾ," ಎಂದ ಅಂಗಡಿಯವನು, ಅವಳ ಚೀಲದ ಕಡೆ ನೋಡುತ್ತ. "ಕ್ಯಾಶ್ ಇದೆಯಲ್ಲ. ಕ್ಯಾಶ್ ಕೊಟ್ರೆ ನಲವತ್ತು ಸಾವಿರ ಮೇಲಾಗುತ್ತೆ, ಅಷ್ಟೆ."

"ಮೇಲೆ? ನಗದು ಕೊಟ್ರೆ ಕಮ್ಮಿ ಆಗಬೇಕಲ್ವೇನಪ್ಪಾ?"

"ಅದು ಹಳೇ ಕಾಲ. ಯಜಮಾನ್ರಿಗೆ ಅವತ್ತು ನಾನು ಹೂಂ ಅಂದಿದ್ದು ಲೋನ್ ರೇಟಿಗೆ. ಫೈನಾನ್ಸಿನೋರು ನನಗೆ ಕಮಿಷನ್ ಕೊಡ್ತಾರೆ, ಅದಕ್ಕೆ ಇಳಿಸಿದ್ದೆ. ನಗದಾದ್ರೆ ನನಗೇನು ಉಳಿಯುತ್ತೆ ಹೇಳಿ?"

ದುಡ್ಡಿದ್ದವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ. ಸಾಲ ಮಾಡದವನಿಗೆ ಸಾಲವಿಲ್ಲ. ಈ ಅಂಗಡಿಯಲ್ಲಿ ನೀರು ಕೂಡ ಮೇಲಕ್ಕೇ ಹರಿಯುತ್ತಿರಬೇಕು. ಬೈಯಲು ಮಾತು ಹುಡುಕುತ್ತಿದ್ದಂತೆ ಅವಳಿಗೆ ತಟ್ಟನೆ ಇನ್ನೊಂದು ಹೊಳೆಯಿತು.

"ನಮ್ಮೋರು ಕೈ ಇಟ್ಟು ಹೇಳಿದ ರೇಟಿಗೆ ನೀವು ಕೊಡಲ್ಲ. ಹಂಗೆ ತಾನೇ?"

"ಆ ರೇಟಿಗೆ ಕ್ಯಾಶಲ್ಲಿ ಆಗಲ್ಲ ಅಮ್ಮಾ."

"ಕೇಳಿಸ್ತೇನ್ರೀ?" ಅವಳು ಕಾರಿನ ಚಾವಣಿಯ ಮೇಲೆ ಬೆರಳಿನಿಂದ ಬಡಿದಳು. "ಮಾತು ಮುರಿದಿದ್ದು ಅವರು. ನೀವಲ್ಲ."

ಜಗಳಕ್ಕೆಂದು ಅವಳು ಸೆರಗು ಸಿಕ್ಕಿಸಿಕೊಂಡಿದ್ದಳು. ಹತ್ತು ಉತ್ತರಗಳು ನಾಲಿಗೆಯ ತುದಿಯಲ್ಲಿದ್ದವು. ಅವನು, "ಹೂಂ. ಆ ರೇಟು ಇಲ್ಲ ಅಂದ್ಮೇಲೆ ಕೈ ಇಲ್ಲ," ಎಂದ. ಅಷ್ಟೇ. ಹೊಲದವನು ಬೇರೆ ಮಿಷನ್ ಕರೆಸಿಕೊಂಡನೆಂದು ತಿಳಿದಾಗ ಹೇಳುತ್ತಿದ್ದ ಅದೇ ದನಿಯಲ್ಲಿ.

ಗೆದ್ದರೂ ಅವಳ ಸಿಟ್ಟು ಇಳಿಯಲಿಲ್ಲ. ಒಂದು ಮಾತಾದರೂ ಎದುರಾಡಬಾರದೇ ಈ ಮನುಷ್ಯ!

ಅಂಗಡಿಯವನು ಬಗ್ಗಿ ಕಾರಿನ ಕೀಲಿಯನ್ನು ಅವನ ಅಂಗೈಗೆ ಹಾಕಿದ. "ಕೊಳ್ಳೋದು ಬಿಡೋದು ಆಮೇಲೆ. ಒಂದು ರೌಂಡು ಹೊಡ್ಕೊಂಡು ಬನ್ನಿ ಯಜಮಾನ್ರೇ. ಹೆಂಗೂ ಕೂತಿದ್ದೀರಿ. ಮುಂದೆ ಸರ್ಕಲ್ಲಲ್ಲಿ ತಿರುಗಿಸ್ಕೊಂಡು ಬಂದ್ರಾಯ್ತು." ಓಡಿಸಿದ ಮೇಲೆ ಬಿಟ್ಟು ಹೋಗುವವರು ಕಡಿಮೆಯೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

"ನಾನೂ ಬರ್ತೀನಿ," ಎಂದಳು ಹೆಂಡತಿ. ಇವನನ್ನು ಒಬ್ಬನನ್ನೇ ಕಳಿಸಿದರೆ ವಾಪಸ್ಸು ಬರುವಷ್ಟರಲ್ಲಿ ಇನ್ನೆಲ್ಲಿ ಕೈ ಇಟ್ಟಿರುತ್ತಾನೋ. ಚೀಲವನ್ನು ಎದೆಗೆ ಅವಚಿಕೊಂಡು, ಹಿಂಭಾಗವನ್ನು ಮೊದಲು ಒಳಗೆ ಬಿಟ್ಟು, ಕಾಲುಗಳನ್ನು ಒಂದೊಂದಾಗಿ ಎಳೆದುಕೊಂಡಳು. ಕುಳಿತ ಮೇಲೆ ಕಂಡದ್ದು ಅಂಗಡಿಯವನ ಮೊಣಕಾಲು ಮಾತ್ರ.

ಇಂಜಿನ್ನು ಗುಡುಗಿತು. ಕಾರು ಗೇಟು ದಾಟಿ ರಸ್ತೆಗೆ ಬಂತು. ಅವಳು ಕಣ್ಣು ಮುಚ್ಚಿ ಬಾಗಿಲಿನ ಹಿಡಿ ಹಿಡಿದಳು. ಏನೂ ಆಗದಿದ್ದುದನ್ನು ಕಂಡು ಕಣ್ಣು ಬಿಟ್ಟಳು. ಪಕ್ಕದಲ್ಲಿ ತರಕಾರಿಯ ಚೀಲ ನೇತುಹಾಕಿಕೊಂಡ ಸೈಕಲ್ಲಿನವನೊಬ್ಬ ಇವರನ್ನು ನೋಡುತ್ತ ಮುಂದೆ ಹೋದ. ಗಂಡ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಕುತ್ತಿಗೆ ಚಾಚಿ ರಸ್ತೆಯ ಅಂಚನ್ನೇ ನೋಡುತ್ತ, ಸಾಲು ತಪ್ಪದಂತೆ ಕೊಯ್ಯುವವನ ಹಾಗೆ ಹೋಗುತ್ತಿದ್ದ. ಹಿಂದೆ ಹಾರನ್ನುಗಳು ಬಾಯಿ ಬಡಿದುಕೊಳ್ಳುತ್ತಿದ್ದವು.

"ರೀ, ಸ್ವಲ್ಪ ಒತ್ರೀ! ಲಗೇಜ್ ಆಟೋದೋನು ಕೂಡ ಬೈಕೊಂಡು ಹೋಗ್ತಿದಾನೆ. ಇದಕ್ಕಾ ಒಂದು ವಾರ ನನ್ನ ಪ್ರಾಣ ತಿಂದಿದ್ದು?"

"ಒತ್ತಿದ್ರೆ ಬೇಗ ಮುಗಿದುಹೋಗುತ್ತೆ," ಎಂದ ಅವನು.

ಸ್ವಲ್ಪ ದೂರ ಹೋದ ಮೇಲೆ ಅವನೇ ಹೇಳಿದ: "ಹಿಂದಿರುಗೋವಾಗ ಪಿಸ್ಟನ್‌ಗೆ ಹೇಳಿ ಹೋಗೋಣ. ನಾಳೆ ಇಂಜಿನ್ ಇಳಿಸ್ತೀನಿ."

ಅವಳು ಕೊನೆಗೆಂದು ಉಳಿಸಿಕೊಂಡಿದ್ದ ಮಾತೇ ಅದು. ಅದನ್ನೂ ಕಿತ್ತುಕೊಂಡ. ಅವಳು ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಮುಂದೆ ನೋಡಿದಳು. ಸರ್ಕಲ್ಲು ಕಾಣುತ್ತಿತ್ತು. ಅದರಾಚೆ ರಸ್ತೆ ಅಗಲವಾಗಿ, ಅಂಗಡಿಗಳು ಮುಗಿದು, ಎರಡೂ ಕಡೆ ಬಯಲು ಬಿದ್ದುಕೊಂಡಿತ್ತು. ಗಂಡ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು, ನೇರವಾಗಿ ನಡೆಸುತ್ತಿದ್ದ.

ತಿರುಗಿಸಬೇಕಾದ ಜಾಗ ಬಂತು. "ತಿರುಗಿಸ್ರೀ" ಎನ್ನಲು ಬೇಕಾದಷ್ಟು ಹೊತ್ತು ಅದು ಗಂಡನ ಕಿಟಕಿಯ ಪಕ್ಕದಲ್ಲೇ ಇದ್ದು, ಅವಳು ಕಾಲು ಚಾಚಿಕೊಳ್ಳುತ್ತಿದ್ದಂತೆ ಮೆಲ್ಲಗೆ ಹಿಂದಕ್ಕೆ ಸರಿಯಿತು.