ಪಟ್ಟಿಯಲ್ಲಿದ್ದ ಹೆಸರು

ನಮ್ಮ ಮುದ್ರಣಾಲಯದ ಯುನಿಕ್ಸ್ ಕಂಪ್ಯೂಟರಿನ ಫೈಲುಗಳನ್ನೆಲ್ಲ ಹೊಸ ಡಿಸ್ಕಿಗೆ ಸಾಗಿಸಿದವನು ನಾನು. ಸೋಮವಾರ ಬೆಳಿಗ್ಗೆ ಎಲ್ಲವೂ ಸಲೀಸಾಗಿ ತೆರೆದುಕೊಂಡಿತು. ಮೀಸೆಯಿದ್ದಿದ್ದರೆ ತಿರುವುತ್ತಿದ್ದೆ.

ಆಗ ಪ್ರೂಫಕ್ಕ ಕರೆದರು. ಇಪ್ಪತ್ತು ವರ್ಷದಿಂದ ಕರಡು ತಿದ್ದುತ್ತಿದ್ದ ಅವರಿಗೆ ನಾವೆಲ್ಲ ಇಟ್ಟ ಹೆಸರದು.

"ನಿಘಂಟಿನ ಫೈಲು ಪಟ್ಟೀಲಿ ಕಾಣ್ತಿದೆ ಕಣಪ್ಪಾ. ತೆರೆಯೋಕೆ ಹೋದ್ರೆ ಅಂಥದ್ದೇ ಇಲ್ಲ ಅನ್ನುತ್ತೆ."

"ಇರೋದನ್ನ ಹೇಗಕ್ಕಾ ಇಲ್ಲ ಅನ್ನುತ್ತೆ? ಏನನ್ನೋ ಏನೋ ಅಂತ ಓದಿದೀರ. ಮೊದಲು ಕಣ್ಣು ತೋರಿಸ್ಕೊಳ್ಳಿ."

ಎದ್ದುಹೋಗಿ ನೋಡುವಷ್ಟು ಸೌಜನ್ಯವೂ ನನಗಿರಲಿಲ್ಲ. ಎಲ್ಲರೂ ನಕ್ಕರು. ಮಾಲೀಕರು ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿಘಂಟಿನ ಕೆಲಸವನ್ನು ಬೇರೊಬ್ಬರಿಗೆ ವಹಿಸಿ, "ನೀವಿನ್ನು ಮನೇಲಿ ಆರಾಮಾಗಿರಿ" ಎಂದುಬಿಟ್ಟರು. ಅಕ್ಕ ಕನ್ನಡಕ ಒರೆಸಿಕೊಂಡು, ಕೆಂಪು ಪೆನ್ನನ್ನು ಡ್ರಾಯರಿನಲ್ಲಿಟ್ಟು ಹೋದರು.

ಮರುದಿನ ಹೊಸಬರೂ ಅದನ್ನೇ ಹೇಳಿದಾಗ ಎದ್ದುಹೋದೆ. ಹೆಸರಿತ್ತು. ತೆರೆದರೆ ಇಲ್ಲ ಎಂದಿತು. ಹೆಸರಿನ ಪಕ್ಕದಲ್ಲೊಂದು ಬಾಣದ ಗುರುತು, ಅದರಾಚೆ ಹಳೆಯ ಡಿಸ್ಕಿನ ವಿಳಾಸ. ಏಳು ವರ್ಷದ ಹಿಂದೆ, ಜಾಗ ಸಾಲದೆ, ಆ ಫೈಲನ್ನು ಹಳೆಯ ಡಿಸ್ಕಿನ ಇನ್ನೊಂದು ಭಾಗಕ್ಕೆ ತಳ್ಳಿ ಇಲ್ಲಿ ಅದರ ಹೆಸರು, ವಿಳಾಸವಷ್ಟೇ ಇರುವ ಕೊಂಡಿಯೊಂದನ್ನು ಬಿಟ್ಟವನು ನಾನೇ. 'ತಾತ್ಕಾಲಿಕ' ಎಂದು ಬೇರೆ ಬರೆದಿದ್ದೆ! ಸಾಗಿಸುವಾಗ ಆ ಭಾಗವನ್ನೇ ಮರೆತಿದ್ದೆ. ಕೊಂಡಿ ಬಂದಿತ್ತು, ಫೈಲು ಬಂದಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಹಳೆಯ ಡಿಸ್ಕ್ ಪುಣ್ಯಕ್ಕೆ ಕಪಾಟಿನಲ್ಲೇ ಇತ್ತು. ಹತ್ತು ನಿಮಿಷದಲ್ಲಿ ಫೈಲು ತಂದು, ವಿಳಾಸ ಸರಿಮಾಡಿದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸಂಜೆ ಅಕ್ಕನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಒಳಗಿನಿಂದ ಕಣ್ಣಿನ ವೈದ್ಯರ ಚೀಟಿ ತಂದರು.

"ಬೆಳಿಗ್ಗೆ ತೋರಿಸ್ಕೊಂಡು ಬಂದೆ. ಕಣ್ಣು ಚೆನ್ನಾಗಿದೆಯಂತೆ. ನೀನು ಹೇಳಿದ್ಮೇಲೆ ನಂಗೇ ಅನುಮಾನ ಬಂದ್ಬಿಟ್ಟಿತ್ತು ಕಣಪ್ಪಾ."

"ತಪ್ಪಾಯ್ತು ಅಕ್ಕಾ."

"ಇಲ್ಲಿ ಹೇಳಿದ್ರೆ ಯಾರಿಗೆ ಕೇಳುತ್ತೆ? ನೀನು ಅಂದಿದ್ದು ಅಲ್ಲಿ ತಾನೆ?"

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಮುದ್ರಣಾಲಯದವರೆಗೂ ತಲೆ ತಗ್ಗಿಸಿಕೊಂಡು ಅವರ ಹಿಂದೆ ನಡೆದೆ. ಇನ್ನೂ ಯಾರೂ ಮನೆಗೆ ಹೋಗಿರಲಿಲ್ಲ. ಎಲ್ಲರೂ ನನ್ನನ್ನೇ ನೋಡತೊಡಗಿದರು.

"ಕಣ್ಣು ಕಾಣದೇ ಇದ್ದಿದ್ದು ಅಕ್ಕಂಗಲ್ಲ, ನಂಗೆ," ಎಂದೆ.

ಅಕ್ಕ ಡ್ರಾಯರಿನ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಇನ್ನೂ ಎಳೆದಿರಲಿಲ್ಲ.

"ಇನ್ನೊಂಚೂರು ಜೋರಾಗಿ ಹೇಳಪ್ಪಾ. ಮಾಲೀಕರು ಒಳಗಿನ ಕೋಣೇಲಿದಾರೆ."